ಗಣಪತ್ ಗಾಯಕ್ವಾಡ್ ಯಾರು? ಪೊಲೀಸ್ ಠಾಣೆಯಲ್ಲೇ ಗುಂಡು ಹಾರಿಸಿದ ಆರೋಪ ಹೊತ್ತ ಕಲ್ಯಾಣ್ ಮಾಜಿ ಶಾಸಕ
ಥಾಣೆ: ಕಲ್ಯಾಣ್ ಪೂರ್ವ ಕ್ಷೇತ್ರದಿಂದ 2009 ಮತ್ತು 2014ರಲ್ಲಿ ಪಕ್ಷೇತರರಾಗಿ, 2019ರಲ್ಲಿ ಬಿಜೆಪಿಯಿಂದ ಗೆದ್ದವರು ಗಣಪತ್ ಗಾಯಕ್ವಾಡ್. ಮೂರು ಬಾರಿ ಶಾಸಕರಾದರೂ ಅವರ ಹೆಸರು ದೇಶವ್ಯಾಪಿ ಸುದ್ದಿಯಾಗಿದ್ದು 2024ರ ಫೆಬ್ರವರಿ 2ರ ರಾತ್ರಿ.

ಜಮೀನು ವಿವಾದದ ಸಂಬಂಧ ಉಲ್ಲಾಸನಗರದ ಹಿಲ್ ಲೈನ್ ಠಾಣೆಗೆ ಬಂದಿದ್ದ ಅವರು, ಹಿರಿಯ ಇನ್ಸ್‌ಪೆಕ್ಟರ್ ಕೊಠಡಿಯಲ್ಲೇ ಶಿಂಧೆ ಬಣದ ಶಿವಸೇನೆ ಮುಖಂಡ ಮಹೇಶ್ ಗಾಯಕ್ವಾಡ್ ಮೇಲೆ ಗುಂಡು ಹಾರಿಸಿದರೆಂಬ ಆರೋಪವಿದೆ. ದೃಶ್ಯ ಸಿಸಿಟಿವಿಯಲ್ಲಿ ಸೆರೆಯಾಗಿತ್ತು. ಶಾಸಕರ ಬಂಧನವೂ ಆಯಿತು. ಪೊಲೀಸರೆದುರೇ ಮಗನ ಮೇಲೆ ಹಲ್ಲೆ ನಡೆದಿದ್ದರಿಂದ ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದೆ ಎಂಬುದು ಅವರ ವಾದ.

ವಿಚಿತ್ರವೆಂದರೆ, ಆಗ ಎರಡೂ ಪಕ್ಷಗಳು ಒಂದೇ ಸರ್ಕಾರದಲ್ಲಿದ್ದವು. ಅದೇ ವರ್ಷದ ನವೆಂಬರ್ ಚುನಾವಣೆಯಲ್ಲಿ ಬಿಜೆಪಿ ಟಿಕೆಟ್ ಗಣಪತ್ ಪತ್ನಿ ಸುಲಭಾಗೆ ಸಿಕ್ಕಿತು. ಗುಂಡೇಟಿನಿಂದ ಚೇತರಿಸಿಕೊಂಡ ಮಹೇಶ್ ಪಕ್ಷೇತರರಾಗಿ ಕಣಕ್ಕಿಳಿದರು. ಗೆದ್ದಿದ್ದು ಸುಲಭಾ.