ಕಿರಿಯ ಅತಿಥಿಗಳೂ ಕಡಲತಳದ ಹುಲ್ಲುಗಾವಲೂ
ಸ್ಪೇನಿನ ಇಬಿಜಾ ಮತ್ತು ಫಾರ್ಮೆಂಟೆರಾ ದ್ವೀಪಗಳ ನಡುವೆ ಹಾಯಿದೋಣಿಯಲ್ಲಿ ಸಾಗುವಾಗ, ಲಂಗರು ಹಾಕುವ ಮುನ್ನ ಹಿರಿಯರು ಕಿರಿಯ ಅತಿಥಿಗಳೊಡನೆ ದೋಣಿಯಂಚಿನಲ್ಲಿ ಕುಳಿತು ತಿಳಿನೀರಿನ ತಳವನ್ನು ನೋಡುವ ಹೊತ್ತು ಇಡೀ ಪಯಣದಲ್ಲೇ ಅಮೂಲ್ಯವಾದುದು. ಅಲ್ಲಿ ಬೆಳ್ಳಗೆ ಹೊಳೆಯುವುದು ಮರಳು. ಕಪ್ಪಾಗಿ ಹರಡಿರುವುದು ಪೊಸಿಡೋನಿಯಾ ಓಶಿಯಾನಿಕಾ, ಅಂದರೆ ಮೆಡಿಟರೇನಿಯನ್ ಸಮುದ್ರದಲ್ಲಿ ಮಾತ್ರ ಬೆಳೆಯುವ, ಪಾಚಿಯಂತೆ ತೋರಿದರೂ ಬೇರು, ಎಲೆ, ಹೂವು, ಹಣ್ಣುಗಳನ್ನೆಲ್ಲ ಹೊಂದಿರುವ ನಿಜವಾದ ಸಸ್ಯ. ಮರಳಿನಡಿ ಅಡ್ಡಲಾಗಿ ಹಬ್ಬುವ ಇದರ ಕಾಂಡವು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವುದರಿಂದ, ಲಂಗರು ಕಿತ್ತ ಜಾಗ ಮತ್ತೆ ಹಸಿರಾಗಲು ದಶಕಗಳೇ ಹಿಡಿಯುತ್ತವೆ. ಹೀಗಾಗಿಯೇ ಈ ಎರಡೂ ದ್ವೀಪಗಳು ಸೇರಿರುವ ಬಾಲಿಯಾರಿಕ್ ದ್ವೀಪಗಳ ಪ್ರಾದೇಶಿಕ ಸರ್ಕಾರವು 2018ರಲ್ಲಿ ಈ ಹುಲ್ಲಿನ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿತು. ಮರಳಿನ ತೆರಪನ್ನು ಗುರುತಿಸಿ ನಾವಿಕನಿಗೆ ಕೈ ತೋರುವ ಕೆಲಸವನ್ನು ಮಕ್ಕಳಿಗೇ ವಹಿಸುವುದು ಅತ್ಯಂತ ಉಚಿತ.