ನಾಟಿ ದನದ ತೊಗಲು ದಪ್ಪವೇ?

ಬೇಸಿಗೆಯಲ್ಲಿ ಹಾಲಿನ ಡೇರಿ ಮುಂದೆ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ನಾಟಿ ದನಕ್ಕೆ ತೊಗಲು ದಪ್ಪ, ಬಿಸಿಲು ತಾಕಲ್ಲ. ಸೀಮೆ ಹಸೂದು ತೆಳು, ಅದಕ್ಕೇ ಏದುಸಿರು ಬಿಡೋದು." ಕೇಳಲು ಸರಿಯೆನಿಸುತ್ತದೆ. ಆದರೆ ದನದ ಕಷ್ಟ ಹೊರಗಿನ ಬಿಸಿಲೊಂದೇ ಅಲ್ಲ. ಮೇವು ಅರಗುವಾಗ, ಹಾಲು ಉತ್ಪತ್ತಿಯಾಗುವಾಗ ಮೈಯೊಳಗೇ ಶಾಖ ಹುಟ್ಟುತ್ತದೆ, ಅದು ಹೊರಗೆ ಹೋಗಬೇಕು. ಅದಕ್ಕೆ ದಪ್ಪ ತೊಗಲಿನಿಂದ ಏನು ಲಾಭ?

ವ್ಯತ್ಯಾಸ ಇರುವುದು ಕೂದಲ ಬುಡದಲ್ಲಿ. ದನದ ಚರ್ಮದಲ್ಲಿ ಪ್ರತಿ ಕೂದಲಿನ ಬುಡಕ್ಕೂ ಒಂದು ಬೆವರು ಗ್ರಂಥಿ, ಜಿಡ್ಡು ಒಸರುವ ಗ್ರಂಥಿ, ಕೂದಲನ್ನು ನಿಮಿರಿಸುವ ಸಣ್ಣ ಸ್ನಾಯು ಅಂಟಿಕೊಂಡಿರುತ್ತವೆ. ಹಿಣಿಲು ಇರುವ ನಮ್ಮ ದನಗಳಲ್ಲಿ ಬೆವರು ಗ್ರಂಥಿ ಉಬ್ಬಿದ ಚೀಲದಂತೆ ದೊಡ್ಡದು, ಚರ್ಮದ ಮೇಲ್ಮೈಗೆ ಹತ್ತಿರ. ಯುರೋಪಿನ ತಳಿಗಳಲ್ಲಿ ಅದು ಸುರುಳಿ ಸುತ್ತಿದ ಸಣ್ಣ ನಾಳ. ಒಂದು ಚದರ ಸೆಂಟಿಮೀಟರಿನಲ್ಲಿ ಸಿಗುವ ಕೂದಲ ಬುಡಗಳೂ ಹಿಣಿಲಿನ ದನಗಳಲ್ಲೇ ಹೆಚ್ಚು. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಈ ದನಗಳ ಚರ್ಮವನ್ನು ಶಾರ್ಟ್‌ಹಾರ್ನ್ ದನಗಳ ಚರ್ಮದೊಂದಿಗೆ ಹೋಲಿಸಿ ನೋಡಿದ್ದು ಇವನ್ನೇ. ಅಮೆರಿಕದವರು ತಮ್ಮ ಬಿಸಿ ನಾಡಿಗೆಂದು ಬ್ರಾಹ್ಮನ್ ತಳಿಯನ್ನು ಕಟ್ಟಿದಾಗ ಬಳಸಿದ ಭಾರತೀಯ ದನಗಳಲ್ಲಿ ನಮ್ಮ ಕೃಷ್ಣಾ ತೀರದ ತಳಿಯೂ ಇತ್ತು.

ಇನ್ನು "ಹಸು ಮೂತಿಯಲ್ಲಿ ಮಾತ್ರ ಬೆವರುತ್ತದೆ" ಎನ್ನುವುದು. ಮೂತಿಯ ಮೇಲಿನ ತೇವ ಬೇರೆ ಗ್ರಂಥಿಗಳದು. ಹಸು ಮೈಯೆಲ್ಲ ಬೆವರುತ್ತದೆ. ನಮ್ಮ ಹಾಗೆ ಧಾರಾಳವಾಗಿ ಸುರಿಯುವುದಿಲ್ಲವಾದ್ದರಿಂದ ಕಣ್ಣಿಗೆ ಬೀಳುವುದು ಕಡಿಮೆ, ಅಷ್ಟೇ.

ಕರುಗಳ ವಿಷಯಕ್ಕೆ ಬಂದರೆ, "ಎಳೆಗರು, ಬೆಳೆಯುತ್ತ ಬೆಳೆಯುತ್ತ ಹೊಸ ಕೂದಲು, ಹೊಸ ಗ್ರಂಥಿ ಮೂಡುತ್ತವೆ" ಎಂದು ಓದಿದವರೂ ಹೇಳುತ್ತಾರೆ. ಹಾಗಾಗುವುದಿಲ್ಲ. ಕೂದಲ ಬುಡಗಳ ಲೆಕ್ಕ ತಾಯಿಯ ಹೊಟ್ಟೆಯಲ್ಲೇ ಮುಗಿದಿರುತ್ತದೆ. ಕರು ಕಡಸಾಗಿ, ಹಸುವಾಗಿ ಬೆಳೆಯುವಾಗ ಮೈ ಹಿಗ್ಗುತ್ತದೆ, ಅಷ್ಟೇ ಬುಡಗಳು ದೂರ ದೂರ ಸರಿಯುತ್ತವೆ. ಗ್ರಂಥಿಗಳು ಗಾತ್ರದಲ್ಲಿ ಹಿಗ್ಗುತ್ತವೆ, ಚರ್ಮದೊಳಗಿನ ಕೊಲಾಜೆನ್ ಎಳೆಗಳ ಕಟ್ಟು ದಪ್ಪವಾಗುತ್ತದೆ. ಎಳೆಗರುವಿನ ಚರ್ಮದಿಂದ ಹದ ಮಾಡಿದ ತೊಗಲಿಗೆ ನವಿರು ಬರುವುದು ಇದರಿಂದಲೇ: ರಂಧ್ರಗಳು ಒತ್ತೊತ್ತು, ಎಳೆಗಳು ಸಣ್ಣ. ಆದ್ದರಿಂದ ಎರಡು ತಳಿಗಳ ಚರ್ಮ ಹೋಲಿಸುವವರು ಒಂದೇ ವಯಸ್ಸಿನವನ್ನು, ಮೈಯ ಒಂದೇ ಜಾಗದಲ್ಲಿ ಹೋಲಿಸಬೇಕು. ಬೆನ್ನಿನ ಚರ್ಮಕ್ಕೂ ಹೊಟ್ಟೆಯ ಕೆಳಗಿನದಕ್ಕೂ ಒಂದೇ ದನದಲ್ಲೇ ಅಜಗಜಾಂತರ.

ಬಣ್ಣವೂ ಮೋಸ ಮಾಡುತ್ತದೆ. ಹಳ್ಳಿಕಾರ್ ಎತ್ತು ಬಿಳಿಚಿಕೊಂಡಂತೆ ಕಂಡರೂ ಬೂದುಗೂದಲನ್ನು ಬೆರಳಿನಿಂದ ಬಿಡಿಸಿ ನೋಡಿ, ಕೆಳಗೆ ಕಪ್ಪು ಚರ್ಮ. ತಿಳಿ ಕೂದಲು ಬಿಸಿಲನ್ನು ತಿರುಗಿಸಿದರೆ, ಕಪ್ಪು ಚರ್ಮ ಉಳಿದ ಕಿರಣಗಳಿಂದ ಮೈ ಸುಡದಂತೆ ಕಾಯುತ್ತದೆ. ಎಚ್‌ಎಫ್ ಹಸುವಿನ ಬಿಳಿ ಭಾಗದ ಕೆಳಗಿರುವುದು ಗುಲಾಬಿ ಚರ್ಮ. ಕಾಡಂಚಿನಲ್ಲಿ ಲಂಟಾನ ತಿಂದ ದನಗಳಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಲಂಟಾನದ ವಿಷದಿಂದ ಯಕೃತ್ತು ಕೆಟ್ಟಾಗ, ಹಸಿರು ಮೇವಿನ ಪತ್ರಹರಿತ್ತು ಒಡೆದು ಹುಟ್ಟುವ ವಸ್ತುವೊಂದು ಪಿತ್ತದಲ್ಲಿ ಹೊರಹೋಗದೆ ರಕ್ತದಲ್ಲೇ ಉಳಿದು ಚರ್ಮಕ್ಕೆ ಬರುತ್ತದೆ. ಅಲ್ಲಿ ಬಿಸಿಲು ತಾಗಿತೋ, ಬಿಳಿ ಮಚ್ಚೆಗಳು ಬೆಂದು, ಒಣಗಿ, ಎದ್ದು ಬರುತ್ತವೆ. ಪಕ್ಕದ ಕಪ್ಪು ಮಚ್ಚೆಗೆ ಹೆಚ್ಚೇನೂ ಆಗಿರುವುದಿಲ್ಲ.

ಉಣ್ಣೆಯದೂ ಅದೇ ಕಥೆ. ನಾಟಿ ದನಕ್ಕೆ ಉಣ್ಣೆ ಕಡಿಮೆ ಹತ್ತುವುದು ತೊಗಲಿಗೆ ಅದರ ಮೂತಿ ಇಳಿಯದೆ ಅಲ್ಲ. ಕಚ್ಚಿದ ಜಾಗದಲ್ಲಿ ಮೈಯ ರೋಗನಿರೋಧಕ ಶಕ್ತಿ ತಿರುಗಿಬೀಳುತ್ತದೆ, ತುರಿಕೆಯಾಗಿ ದನ ನೆಕ್ಕಿ ತೆಗೆಯುತ್ತದೆ. ಈ ಶಕ್ತಿ ಪೂರ್ತಿ ಹುಟ್ಟಿನಿಂದ ಬಂದದ್ದಲ್ಲ, ಉಣ್ಣೆ ಕಚ್ಚಿಸಿಕೊಂಡ ಮೇಲೆ ಬಲಿಯುವಂಥದ್ದು. ಹಾಗಾಗಿ ನಾಟಿ ಕರುವೆಂದು ಉಣ್ಣೆ ನೋಡದೆ ಬಿಡುವುದು ತಪ್ಪು.

ಕರುವಿಗೆ ಭೇದಿಯಾದಾಗ ಮೈಯ ನೀರು ಎಷ್ಟು ಇಂಗಿದೆ ಎಂದು ಚರ್ಮ ಚಿವುಟಿ ನೋಡುವ ರೂಢಿ ಒಳ್ಳೆಯದು. ನಾಟಿ ಕರುವಾದರೆ ಜೋಲುವ ಗಂಗೆದೊಗಲನ್ನು ಹಿಡಿಯಬೇಡಿ, ಕತ್ತಿನ ಪಕ್ಕದ ಚರ್ಮ ಚಿವುಟಿ ಬಿಡಿ. ಎರಡು ಸೆಕೆಂಡು ಕಳೆದರೂ ಮಡಿಕೆ ಹಾಗೇ ನಿಂತಿದ್ದರೆ, ಕಣ್ಣೂ ಗುಳಿಬಿದ್ದಿದ್ದರೆ, ಪಶುವೈದ್ಯರನ್ನು ಅಂದೇ ಕರೆಸಿ.