ನೆಲಕ್ಕೆ ಏಟು, ಕಾಗೆಗೆ ತುತ್ತು: ಮಕ್ಕಳ ಮುಂದೆ ನಾವ್ಯಾಕೆ ಹೀಗಾಡ್ತೀವಿ?

ಮೊದಲು ನಮ್ಮ ಮನೆ ಸುದ್ದಿ ಹೇಳಿಬಿಡ್ತೀನಿ. ನಮ್ಮಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅವರು ಕ್ಲಾಸಿಗೆ ಬಂದರೆ ಫ್ಯಾನಿನ ಸದ್ದು ಮಾತ್ರ ಕೇಳ್ತಿತ್ತು. ಅದೇ ಅಪ್ಪ ಮೊನ್ನೆ ನನ್ನ ಒಂದು ವರ್ಷದ ಮಗಳ ಮುಂದೆ ತಲೆ ಮೇಲೆ ಟವೆಲ್ ಹೊದ್ದುಕೊಂಡು, 'ತಾತ ಎಲ್ಲಿ? ತಾತ ಎಲ್ಲಿ?' ಅಂತ ಕೂತಿದ್ದರು!

ನಾವೂ ಕಡಿಮೆ ಇಲ್ಲ ಬಿಡಿ. ಮಗು ಬಿದ್ದರೆ ನೆಲಕ್ಕೆ ಎರಡು ಏಟು ಕೊಡ್ತೀವಿ. ಕಾಗೆಗೊಂದು ತುತ್ತು, ಗುಬ್ಬಿಗೊಂದು ತುತ್ತು ಅಂತ ಹೇಳಿ, ಪೂರ್ತಿ ಬಟ್ಟಲು ಮಗುವಿನ ಹೊಟ್ಟೆಗೇ ಸೇರಿಸ್ತೀವಿ. ಅದರ ಬಾಯಿಗೆ ತುತ್ತು ಇಡುವಾಗ ನಮ್ಮ ಬಾಯಿಯೂ ತಾನಾಗೇ ತೆರೆದುಕೊಳ್ಳುತ್ತೆ.

ಭಾಷೆಯೂ ಬದಲಾಗುತ್ತೆ. ಊಟ 'ಮಮ್ಮು', ನಿದ್ದೆ 'ತಾಚಿ', ನಾಯಿ 'ಬೌ ಬೌ'. ಇದು ನಮ್ಮ ಮನೆಯ ಹುಚ್ಚು ಮಾತ್ರ ಅಲ್ಲ. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1964ರಲ್ಲಿ ಆರು ಭಾಷೆಗಳಲ್ಲಿ ಮಕ್ಕಳ ಜೊತೆ ಆಡುವ ಮಾತನ್ನು ಹೋಲಿಸಿದರು. ಪಕ್ಕದ ಮರಾಠಿಯೂ ಅದರಲ್ಲಿತ್ತು. ಸುಲಭವಾದ ಸದ್ದುಗಳು, ಎರಡೆರಡು ಸಲ ಹೇಳುವ ಪದಗಳು ಅಲ್ಲೆಲ್ಲ ಸಿಕ್ಕವು. 1985ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಆ್ಯನ್ ಫರ್ನಾಲ್ಡ್, ನಾಲ್ಕು ತಿಂಗಳ ಶಿಶುಗಳಿಗೆ ಎರಡು ಬಗೆಯ ಮಾತು ಕೇಳಿಸಿದರು: ದೊಡ್ಡವರ ಜೊತೆ ಆಡುವ ಮಾತು, ಮಗುವಿನ ಜೊತೆ ರಾಗ ಎಳೆದು ಆಡುವ ಮಾತು. ಶಿಶುಗಳು ಹೆಚ್ಚು ಸಲ ತಲೆ ತಿರುಗಿಸಿದ್ದು ರಾಗದ ಮಾತಿನ ಕಡೆಗೇ.

ಈಗ ನನ್ನ ತಪ್ಪು ಒಪ್ಪಿಕೊಳ್ತೀನಿ. ನಾನು ಫೋನ್ ತೋರಿಸಿ ಊಟ ಮಾಡಿಸ್ತಿದ್ದೆ. ಕಾರ್ಟೂನ್ ಹಾಕಿದರೆ ಹತ್ತೇ ನಿಮಿಷ, ಬಟ್ಟಲು ಖಾಲಿ. ಆದರೆ ಅಷ್ಟು ಹೊತ್ತೂ ಅವಳು ನನ್ನ ಮುಖ ನೋಡ್ತಿರಲಿಲ್ಲ. ಎರಡು ವರ್ಷ ತುಂಬುವವರೆಗೆ ಮಕ್ಕಳಿಗೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದು ನನಗೆ ಗೊತ್ತಿತ್ತು. ಆದರೂ ನನ್ನನ್ನ ತಟ್ಟಿದ್ದು ಅಪ್ಪನ ಮಾತು.

'"ತಾತ ಎಲ್ಲಿ" ಅಂದಮೇಲೆ ಅವಳು ಟವೆಲ್ ಎಳೆಯೋವರೆಗೂ ನಾನು ಕಾಯ್ತೀನಿ ಕಣೋ. ನಿನ್ನ ಫೋನು ಕಾಯುತ್ತಾ?'

ವಿಷಯ ಇರೋದು ಅಲ್ಲೇ. ಟವೆಲ್ ಆಟ, ಕಾಗೆ ತುತ್ತು, 'ಮಮ್ಮು ಬೇಕಾ?' ಅನ್ನೋ ಪ್ರಶ್ನೆ, ಎಲ್ಲದರಲ್ಲೂ ನಾವು ಒಂದು ಮಾತಾಡಿ ಮಗುವಿನ ಸರದಿಗೆ ಕಾಯ್ತೀವಿ. ಅದು ನಗುತ್ತೆ, ಕೈ ಚಾಚುತ್ತೆ, 'ಮ್ಮ' ಅನ್ನುತ್ತೆ. ಮಾತು ಬರೋ ಮೊದಲೇ ಮಾತುಕತೆ ಶುರುವಾಗಿರುತ್ತೆ. ಕಾರ್ಟೂನಿನಲ್ಲಿ ಆ ಸರದಿ ಇಲ್ಲ. ಮಗು ಏನು ಮಾಡಿದರೂ ಅದು ಓಡ್ತಾನೇ ಇರುತ್ತೆ.

ನಿನ್ನೆ ರಾತ್ರಿ ಫೋನನ್ನ ಒಳಗಿನ ಕೋಣೆಯಲ್ಲಿಟ್ಟು ಕೂತೆ. ಊಟಕ್ಕೆ ಮುಕ್ಕಾಲು ಗಂಟೆ ಆಯ್ತು, ಅರ್ಧ ಅನ್ನ ನೆಲದ ಮೇಲೆ. ಕೊನೆಗೆ 'ಕಾಗೆಗೊಂದು ತುತ್ತು' ಅಂದಾಗ, ಅವಳು ಬಟ್ಟಲಿಗೆ ಕೈ ಹಾಕಿ ನಾಲ್ಕು ಅಗುಳು ತೆಗೆದು ನನ್ನ ಬಾಯಿಗಿಟ್ಟಳು.

ನೀವು ಚಿಕ್ಕವರಿದ್ದಾಗ ಅಪ್ಪ-ಅಮ್ಮ ಏನೇನು ಕಸರತ್ತು ಮಾಡಿದ್ದರು? ಇವತ್ತೇ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.